ಪಬ್ಲಿಕ್ ಪಾಲಿಸಿ ಓದಿದವರ ಹಿಂದಿನ ಓದು, ಹಿಂದಿನ ಕೆಲಸ, ಮುಂದಿನ ನೌಕರಿ: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕಡೆಯಿಂದ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಪಬ್ಲಿಕ್ ಪಾಲಿಸಿಯಲ್ಲಿ ಸ್ನಾತಕೋತ್ತರ ಪದವಿ ಮಾಡಿ ಕೆಲಸ ಹುಡುಕುತ್ತಿರುವವರಿದ್ದಾರೆ. ಸೇರಲೋ ಬೇಡವೋ ಎಂದು ತೂಗುತ್ತಿರುವವರಿದ್ದಾರೆ. ಇಂಥವರನ್ನು ಇಟ್ಟುಕೊಂಡರೆ ಏನು ಪ್ರಯೋಜನ ಎಂದು ಕೇಳುವ ಸಣ್ಣ ಸಂಸ್ಥೆಗಳವರೂ ಇದ್ದಾರೆ. ಮೂವರ ಪ್ರಶ್ನೆಗಳೂ ಇಲ್ಲಿ ಒಟ್ಟಿಗಿವೆ. ಹೆಚ್ಚು ಜನ ಎಡವುವ ಕಡೆ ಉದ್ದಕ್ಕೆ ಬರೆದಿದ್ದೇವೆ, ಉಳಿದ ಕಡೆ ಎರಡು ಮಾತಿನಲ್ಲಿ ಮುಗಿಸಿದ್ದೇವೆ.

ಪಬ್ಲಿಕ್ ಪಾಲಿಸಿ ಅಂದ್ರೆ ಡಿಗ್ರಿಯಲ್ಲಿ ಓದುವ ಸಾರ್ವಜನಿಕ ಆಡಳಿತವೇ ತಾನೆ?

ಅಕ್ಕಪಕ್ಕದ ಮನೆಗಳು, ಆದರೆ ಒಂದೇ ಮನೆಯಲ್ಲ. ಕಾಡಾನೆ ತುಳಿದ ತೋಟದ ಪರಿಹಾರದ ಅರ್ಜಿ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಬಂದ ಮೇಲೆ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಬೇಕು, ಯಾರು ಸಹಿ ಹಾಕಬೇಕು, ಎಷ್ಟು ದಿನದೊಳಗೆ, ಇದು ಆಡಳಿತದ ಪ್ರಶ್ನೆ. ಪರಿಹಾರ ಕೊಡುತ್ತಲೇ ಹೋಗುವುದೋ, ರೈಲು ಕಂಬಿಯ ಬೇಲಿ ಹಾಕುವುದೋ, ಆನೆ ಹಿಡಿದು ಬೇರೆ ಕಾಡಿಗೆ ಸಾಗಿಸುವುದೋ, ಅಷ್ಟೇ ದುಡ್ಡಿನಲ್ಲಿ ಯಾವುದರಿಂದ ಹೆಚ್ಚು ಜೀವ ಉಳಿಯುತ್ತದೆ, ಯಾರ ಮೇಲೆ ಹೊರೆ ಬೀಳುತ್ತದೆ, ಇದು ಪಾಲಿಸಿಯ ಪ್ರಶ್ನೆ. ಸಕಲೇಶಪುರ, ಆಲೂರು, ಮೂಡಿಗೆರೆಯವರಿಗೆ ಈ ವ್ಯತ್ಯಾಸವನ್ನು ಬೇರೆ ಉದಾಹರಣೆ ಕೊಟ್ಟು ಹೇಳಬೇಕಿಲ್ಲ. ಕೆಲಸ ಕೊಡುವವರಿಗೆ ಎರಡೂ ಗೊತ್ತಿರುವವರು ಬೇಕು. ಪಾಲಿಸಿ ಮಾತ್ರ ಗೊತ್ತಿದ್ದು ಕಡತ ಹೇಗೆ ನಡೆಯುತ್ತದೆಂದು ಗೊತ್ತಿಲ್ಲದವರ ಶಿಫಾರಸು ಕಾಗದದಲ್ಲೇ ಉಳಿಯುತ್ತದೆ.

ಎಲ್ಲಿ ಓದಿ ಬರುತ್ತಾರೆ?

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಎರಡು ವರ್ಷದ ಎಂಪಿಪಿ, ಅಂದರೆ ಪಬ್ಲಿಕ್ ಪಾಲಿಸಿಯ ಸ್ನಾತಕೋತ್ತರ ಪದವಿ, 2014ರಲ್ಲಿ ಶುರುವಾಯಿತು. ಅಲ್ಲಿಗೆ ಎನ್‌ಎಲ್‌ಎಸ್ಎಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಹೋಗುತ್ತಾರೆ. ಹೈದರಾಬಾದಿನ ಕೌಟಿಲ್ಯ ಸ್ಕೂಲ್, ದೆಹಲಿಯ ಇಂಡಿಯನ್ ಸ್ಕೂಲ್ ಆಫ್ ಪಬ್ಲಿಕ್ ಪಾಲಿಸಿ ಇತ್ತೀಚಿನವು, ದೆಹಲಿಯದ್ದು ಒಂದೇ ವರ್ಷ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎಂ.ಎ. ಡೆವಲಪ್‌ಮೆಂಟ್ ಮಾಡಿದವರೂ ಇದೇ ಕೆಲಸಗಳಿಗೆ ಅರ್ಜಿ ಹಾಕುತ್ತಾರೆ. ಬೆಂಗಳೂರಿನ ಐಐಎಂ 2002ರಲ್ಲಿ ಶುರು ಮಾಡಿದ ಪಾಲಿಸಿ ಕೋರ್ಸು ಮೂಲತಃ ನೌಕರಿಯಲ್ಲಿರುವ ಅಧಿಕಾರಿಗಳಿಗೆಂದು ಬಂದದ್ದು. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ 12 ವಾರಗಳ ಸರ್ಟಿಫಿಕೇಟ್ ಕೆಲಸ ಮಾಡುತ್ತಲೇ ಓದುವವರಿಗೆ ಹೊಂದುತ್ತದೆ, ಆದರೆ ಅದು ಸ್ನಾತಕೋತ್ತರ ಪದವಿಗೆ ಸಮವಲ್ಲ. ರೆಸ್ಯೂಮ್‌ನಲ್ಲಿ ಅದನ್ನು ಪದವಿಗಳ ಸಾಲಿನಲ್ಲಿ ಬರೆಯಬೇಡಿ, ಬೇರೆ ಸಾಲು ಮಾಡಿ.

ಈ ಕೋರ್ಸಿಗೆ ಬರುವವರ ಹಿಂದಿನ ಓದು ಏನಿರುತ್ತದೆ? ನಂದು ಇದಕ್ಕೆ ಸಂಬಂಧವೇ ಇಲ್ಲ ಅನ್ನಿಸುತ್ತಿದೆ.

ಸಂಬಂಧವಿಲ್ಲದ ಓದು ಎಂಬುದು ಇಲ್ಲಿ ಕಡಿಮೆ. ಬಿ.ಎ., ಬಿ.ಇ., ಕೃಷಿ ಬಿ.ಎಸ್ಸಿ., ಎಲ್‌ಎಲ್‌ಬಿ, ಬಿ.ಕಾಂ., ಬಿಎಸ್‌ಡಬ್ಲ್ಯೂ (ಸಮಾಜಕಾರ್ಯ), ದಂತವೈದ್ಯ, ಆಯುರ್ವೇದ, ಎಲ್ಲರೂ ಒಂದೇ ತರಗತಿಯಲ್ಲಿ ಕೂರುತ್ತಾರೆ. ಎರಡು ವರ್ಷದಲ್ಲಿ ಎಲ್ಲರಿಗೂ ಕೊಡುವುದು ಒಂದೇ: ಒಂದಿಷ್ಟು ಅರ್ಥಶಾಸ್ತ್ರ, ಒಂದಿಷ್ಟು ಸಂಖ್ಯಾಶಾಸ್ತ್ರ, ಕಾನೂನು ಓದುವ ರೂಢಿ, ಟಿಪ್ಪಣಿ ಬರೆಯುವ ಅಭ್ಯಾಸ. ಹಾಗಾಗಿ ಕೆಲಸ ಕೊಡುವವರು ಒಬ್ಬರಿಂದ ಇನ್ನೊಬ್ಬರನ್ನು ಬೇರೆ ಮಾಡಿ ನೋಡುವುದು ಎಂಪಿಪಿಗಿಂತ ಮುಂಚಿನ ಓದಿನಿಂದ. ಮೆಣಸಿನ ಬಳ್ಳಿ ಎಷ್ಟೇ ಚೆನ್ನಾಗಿದ್ದರೂ ಹಬ್ಬುವುದಕ್ಕೆ ಸಿಲ್ವರ್ ಓಕ್ ಬೇಕು. ನಿಮ್ಮ ಮೊದಲ ಪದವಿ ಆ ಮರ.

ಯಾರ ಕೈಯಲ್ಲಿ ಏನಿದೆ ನೋಡಿ.

ಸಿವಿಲ್ ಎಂಜಿನಿಯರಿಂಗ್ ಮಾಡಿದವರಿಗೆ ಎಸ್ಟಿಮೇಟ್ ಓದಲು ಬರುತ್ತದೆ, ಎಸ್‌ಆರ್ ದರ (ಸರ್ಕಾರ ನಿಗದಿ ಮಾಡಿದ ಕಾಮಗಾರಿ ದರಪಟ್ಟಿ) ಅಂದರೇನು ಗೊತ್ತು, ಕಾಮಗಾರಿಯ ಅಳತೆ ದಾಖಲಿಸುವ ಎಂಬಿ ಪುಸ್ತಕದಲ್ಲಿ ಬರೆದ ಅಳತೆ ಮತ್ತು ನೆಲದ ಮೇಲಿನ ಅಳತೆ ಹೊಂದುತ್ತದಾ ಎಂದು ಟೇಪ್ ಹಿಡಿದು ನೋಡಬಲ್ಲರು. ಕುಡಿಯುವ ನೀರು, ಶಾಲಾ ಕಟ್ಟಡ, ಗ್ರಾಮೀಣ ರಸ್ತೆಯ ಮೌಲ್ಯಮಾಪನದಲ್ಲಿ ಇದಕ್ಕೆ ಸಮನಾದ ಅರ್ಹತೆ ಇನ್ನೊಂದಿಲ್ಲ. ಆದರೆ ಬಹಳ ಜನ ಎಂಜಿನಿಯರುಗಳು ಪಾಲಿಸಿ ಓದಿದ ಮೇಲೆ ತಮ್ಮ ಬಿ.ಇ.ಯನ್ನು ನಾಚಿಕೆಯ ವಿಷಯದ ಹಾಗೆ ಒಂದು ಸಾಲಿನಲ್ಲಿ ಮುಚ್ಚಿಡುತ್ತಾರೆ. ತಪ್ಪು.

ಹಾಸನದ ಕಾರೇಕೆರೆಯಲ್ಲೋ ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲೋ ಓದಿದವರು ಹಾಸನದ ಆಲೂಗೆಡ್ಡೆ ಯಾಕೆ ಸೊರಗಿತು ಎಂದು ಹೇಳುವಾಗ ಪಂಜಾಬಿನಿಂದ ಬರುವ ಬಿತ್ತನೆ ಗೆಡ್ಡೆ, ಮುಂಗಾರಿನ ಮೋಡ, ಅಂಗಮಾರಿ ರೋಗ, ಔಷಧಿ ಸಿಂಪಡಣೆಯ ಖರ್ಚು ಎಲ್ಲವನ್ನೂ ಒಂದು ಸರಕ್ಕೆ ಪೋಣಿಸಬಲ್ಲರು. ಅರ್ಥಶಾಸ್ತ್ರ ಮಾತ್ರ ಓದಿದವರು ‘ಬೆಲೆ ಕುಸಿತ’ ಎಂದು ಬರೆದು ಮುಗಿಸುತ್ತಾರೆ.

ಬಿ.ಕಾಂ.ನವರಿಗೆ ಬಜೆಟ್ ಹೆದರಿಕೆ ಇಲ್ಲ. ಲೆಕ್ಕಶೀರ್ಷಿಕೆಗಳನ್ನು, ಅಂದರೆ 2202 ಶಿಕ್ಷಣ, 2210 ಆರೋಗ್ಯ, 2406 ಅರಣ್ಯ ಹೀಗೆ, ಎರಡು ವಾರದಲ್ಲಿ ಹಿಡಿತಕ್ಕೆ ತಂದುಕೊಳ್ಳುತ್ತಾರೆ. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ವೆಚ್ಚ ಈ ಮೂರನ್ನು ಬೆರೆಸದೆ ಓದುವವರು ಸಂಶೋಧನಾ ಸಂಸ್ಥೆಗಳಿಗೂ ಸುಲಭಕ್ಕೆ ಸಿಗುವುದಿಲ್ಲ.

ಎಲ್‌ಎಲ್‌ಬಿಯವರು ಕಾಯ್ದೆ, ನಿಯಮ, ಅಧಿಸೂಚನೆ, ಸುತ್ತೋಲೆ ಇವುಗಳಲ್ಲಿ ಯಾವುದಕ್ಕೆ ಎಷ್ಟು ಬಲ ಎಂದು ಗೊತ್ತಿರುವವರು. ಸಮಾಜಕಾರ್ಯದವರು ಊರಿನ ಜಗಲಿಯ ಮೇಲೆ ಕೂತು ಎಂಟು ಹೆಂಗಸರ ಬಾಯಿಂದ ಮಾತು ಹೊರಡಿಸಬಲ್ಲರು. ಅದೂ ಒಂದು ವಿದ್ಯೆ, ತರಗತಿಯಲ್ಲಿ ಬರುವುದಿಲ್ಲ.

ನಾನು ಕನ್ನಡ ಮಾಧ್ಯಮದ ಬಿ.ಎ. ಇಂಗ್ಲಿಷಿನಲ್ಲಿ ಓದಿದವರ ಮುಂದೆ ನಿಲ್ಲಬಹುದಾ?

ವರದಿ ಇಂಗ್ಲಿಷಿನಲ್ಲಿ ಬರೆಯಬೇಕಾದ ಕೆಲಸಗಳಲ್ಲಿ ಮೊದಲ ವರ್ಷ ಕಷ್ಟವಾಗುತ್ತದೆ, ಇಲ್ಲವೆಂದು ಹೇಳಿ ಸಮಾಧಾನ ಮಾಡುವುದಿಲ್ಲ. ಆದರೆ ಜಿಲ್ಲೆಯ ಮಟ್ಟದಲ್ಲಿ ಕಾಗದವೆಲ್ಲ ಕನ್ನಡದಲ್ಲಿದೆ: ಗ್ರಾಮಸಭೆಯ ನಡಾವಳಿ, ಕ್ರಿಯಾ ಯೋಜನೆ, ಅನುಪಾಲನಾ ವರದಿ, ಟಿಪ್ಪಣಿ ಹಾಳೆ. ‘ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ಒಂದೇ ವಾಕ್ಯ ಹನ್ನೆರಡು ವಿಷಯಗಳ ಕೆಳಗೂ ಇದ್ದರೆ, ಹಾಜರಿ ಸಹಿಗಳೆಲ್ಲ ಒಂದೇ ಪೆನ್ನಿನಲ್ಲಿದ್ದರೆ, ಆ ಸಭೆ ಹೇಗೆ ನಡೆದಿರಬಹುದು ಎಂದು ಊಹಿಸುವುದು ಭಾಷೆ ಬಲ್ಲವರಿಂದ ಮಾತ್ರ ಆಗುವ ಕೆಲಸ.

‘ಭಾಷೆಗಳು: ಕನ್ನಡ, ಇಂಗ್ಲಿಷ್’ ಎಂದು ಬರೆದು ಬಿಟ್ಟರೆ ಇದು ಕಾಣುವುದಿಲ್ಲ. ‘ಪಂಚಾಯಿತಿ ನಡಾವಳಿ, ಸುತ್ತೋಲೆ ಓದಿ ಇಂಗ್ಲಿಷಿನಲ್ಲಿ ಸಾರಾಂಶ ಕೊಡಬಲ್ಲೆ, ಕನ್ನಡ ಪ್ರಶ್ನಾವಳಿ ಸಿದ್ಧಪಡಿಸಬಲ್ಲೆ’ ಎಂದು ಬರೆಯಿರಿ. ತುಳು, ಬ್ಯಾರಿ, ಲಂಬಾಣಿ ಬಂದರೆ ಅದನ್ನೂ ಸೇರಿಸಿ. ತೋಟದ ಲೈನ್ ಮನೆಗಳಲ್ಲಿ ಸಮೀಕ್ಷೆ ಮಾಡಿಸುವವರಿಗೆ ಹಿಂದಿ, ಬಂಗಾಳಿ, ಅಸ್ಸಾಮಿ ಮಾತಾಡುವವರು ಸಿಕ್ಕರೆ ಹಬ್ಬ.

ಇನ್ನೊಂದು ಸಣ್ಣ ವಿಷಯ, ಆದರೆ ದಿನಾ ಕಾಡುವಂಥದ್ದು. ಹಳೆಯ ಸರ್ಕಾರಿ ಕಡತಗಳು ಬಹಳಷ್ಟು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ, ಯೂನಿಕೋಡ್ ಅಲ್ಲ. ಅಲ್ಲಿಂದ ಕಾಪಿ ಮಾಡಿ ಎಕ್ಸೆಲ್‌ಗೆ ಹಾಕಿದರೆ ಬರೀ ಚಿತ್ತಾರ. ಪರಿವರ್ತಕ ಬಳಸಿ ಬದಲಾಯಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತು ಒಮ್ಮೊಮ್ಮೆ ಕೆಡುತ್ತವೆ, ಊರಿನ ಹೆಸರುಗಳನ್ನು ಕಣ್ಣಲ್ಲೇ ಒಮ್ಮೆ ನೋಡಬೇಕು. ಇದು ಗೊತ್ತಿರುವವರು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಬೇಕಾದವರಾಗುತ್ತಾರೆ. ನಿಮ್ಮ ಕನ್ನಡ ರೆಸ್ಯೂಮ್ ಕೂಡ ಯೂನಿಕೋಡ್‌ನಲ್ಲಿ ಬರೆದು ಪಿಡಿಎಫ್ ಮಾಡಿಯೇ ಕಳಿಸಿ.

ಕೆಲಸದ ಅನುಭವ ಇಲ್ಲದೆ ನೇರ ಎಂಪಿಪಿಗೆ ಹೋದರೆ?

ಹೋಗಬಹುದು. ಆದರೆ ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡಿ ಬಂದ ಸಹಪಾಠಿಯ ಜೊತೆಗೇ ಸಾಲಿನಲ್ಲಿ ನಿಲ್ಲಬೇಕು. ‘ಒಂದು ವರ್ಷದ ಅನುಭವ’ ಎಂಬ ಷರತ್ತೇ ಅನೇಕ ಕಡೆ ಇರುತ್ತದೆ. ನೀತಿ ಆಯೋಗದ ಯಂಗ್ ಪ್ರೊಫೆಷನಲ್ ಹುದ್ದೆಗೆ ಹಿಂದಿನ ಪ್ರಕಟಣೆಗಳಲ್ಲಿ ಸ್ನಾತಕೋತ್ತರ ಅಥವಾ ವೃತ್ತಿಪರ ಪದವಿ, ಕನಿಷ್ಠ ಒಂದು ವರ್ಷದ ಅನುಭವ, 32 ವರ್ಷದ ಮಿತಿ, ತಿಂಗಳಿಗೆ 70,000 ರೂಪಾಯಿ ಎಂದಿತ್ತು. ಓದುವಾಗ ಮಾಡಿದ ಇಂಟರ್ನ್‌ಶಿಪ್ಪನ್ನು ಬಹಳ ಕಡೆ ಅನುಭವವೆಂದು ಎಣಿಸುವುದಿಲ್ಲ. ಅರ್ಜಿ ಹಾಕುವ ಮುಂಚೆ ‘ಪದವಿಯ ನಂತರದ ಅನುಭವ’ ಎಂದು ಬರೆದಿದೆಯಾ ನೋಡಿ. ಈ ಮೂರು ಪದ ಓದದೆ ತಿರಸ್ಕೃತರಾಗುವವರು ಬಹಳ.

ಡಿಗ್ರಿ ಮುಗಿದು ಎಂಪಿಪಿಗೆ ಮುಂಚೆ ಒಂದು ವರ್ಷ ಸಿಕ್ಕರೆ, ಶಾಸನಗಳ ಮೇಲೆ ಸಂಶೋಧನೆ ಮಾಡುವ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್ ನೋಡಿ. 2010ರಿಂದ ನಡೆಯುತ್ತಿದೆ. ಯಾವ ಪದವಿಯಾದರೂ ಸರಿ, ಸಂಸತ್ ಸದಸ್ಯರೊಬ್ಬರ ಜೊತೆ ಅಧಿವೇಶನಗಳ ಉದ್ದಕ್ಕೂ ಕೆಲಸ. ವಯಸ್ಸಿನ ಮಿತಿ 25 ಆದ್ದರಿಂದ ಎಂಪಿಪಿ ಆದ ಮೇಲೆ ನೋಡೋಣ ಎಂದರೆ ಬಾಗಿಲು ಮುಚ್ಚಿರುತ್ತದೆ.

ಅಪ್ಪನ ಕಾಫಿ ತೋಟ ನೋಡಿಕೊಂಡಿದ್ದೆ. ಅದನ್ನು ಅನುಭವ ಅಂತ ಬರೆಯಬಹುದಾ?

ಬರೆಯಲೇಬೇಕು. ಈ ಎರಡು ಜಿಲ್ಲೆಯವರು ಅತಿ ಹೆಚ್ಚು ಬಚ್ಚಿಡುವ ಅನುಭವ ಇದೇ. ಆದರೆ ‘ಕುಟುಂಬದ ತೋಟದ ನಿರ್ವಹಣೆ, 2021–23’ ಎಂದು ಬರೆದರೆ ಓದುವವರಿಗೆ ಮನೆಯಲ್ಲಿ ಸುಮ್ಮನಿದ್ದರು ಎಂದೇ ಅರ್ಥ. ಉದಾಹರಣೆಗೆ ಹೀಗೆ ಬರೆಯಿರಿ:

‘18 ಎಕರೆ ರೊಬಸ್ಟಾ, ಮೂಡಿಗೆರೆ ತಾಲ್ಲೂಕು. ಎರಡು ಕೊಯ್ಲಿನ ಕಾಲದಲ್ಲಿ ದಿನಕ್ಕೆ 25ರಿಂದ 30 ಆಳುಗಳ ಹಾಜರಿ ಮತ್ತು ಹಣ್ಣಿನ ತೂಕದ ಲೆಕ್ಕ. ಹಾಜರಿ ಪುಸ್ತಕವನ್ನು ಎಕ್ಸೆಲ್‌ಗೆ ತಂದು ದಿನಗೂಲಿಗೂ ಕೆ.ಜಿ. ಲೆಕ್ಕದ ಕೂಲಿಗೂ ಇರುವ ವೆಚ್ಚದ ವ್ಯತ್ಯಾಸ ಹೋಲಿಕೆ. ಆನೆಯಿಂದಾದ ಬೆಳೆಹಾನಿಗೆ 3 ಅರ್ಜಿ: ಸಲ್ಲಿಸಿದ ದಿನ, ಸ್ಥಳ ಪರಿಶೀಲನೆಯ ದಿನ, ಹಣ ಬಂದ ದಿನದ ದಾಖಲೆ.’

ಅದೇ ಕೆಲಸ, ಅದೇ ತೋಟ. ಆದರೆ ಈಗ ಇದು ಕೂಲಿ, ವಲಸೆ, ಪರಿಹಾರ ಮೂರರ ಮೇಲೂ ಪ್ರಶ್ನೆ ಕೇಳಬಹುದಾದ ಅನುಭವ. ಸಂಖ್ಯೆಗಳು ನಿಜವಾಗಿರಲಿ, ಸಂದರ್ಶನದಲ್ಲಿ ಎದುರು ಕೂತವರೂ ಮಲೆನಾಡಿನವರೇ ಆಗಿರಬಹುದು, ಎಕರೆಗೆ ಎಷ್ಟು ಮೂಟೆ ಎಂದು ಕೇಳಿದರೆ ತಡವರಿಸಬಾರದು.

ಎಸ್ಟೇಟಿನಲ್ಲಿ ರೈಟರ್ ಆಗಿದ್ದವರಿಗೂ ಇದೇ ಮಾತು. ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರೆದು ಗೊತ್ತಿರುವವರಿಗೆ ಕ್ಷೇತ್ರ ಸಮೀಕ್ಷೆಯ ದತ್ತಾಂಶ ಶುದ್ಧ ಮಾಡುವುದು ಹೊಸ ಕೆಲಸವಲ್ಲ. ಹಾಲಿನ ಡೇರಿ ಕಾರ್ಯದರ್ಶಿ, ಸಹಕಾರ ಸಂಘದ ಗುಮಾಸ್ತ, ಅತಿಥಿ ಉಪನ್ಯಾಸಕ, ಬ್ಯಾಂಕ್ ಮಿತ್ರ, ಯಾವುದನ್ನೂ ಬಿಡಬೇಡಿ. ಪಾಲಿಸಿ ಪುಸ್ತಕಗಳಲ್ಲಿ ಬರುವ ‘ಅನುಷ್ಠಾನ’ ಎಂಬ ಪದದ ಕೊನೆಯ ತುದಿಯಲ್ಲಿ ನಿಂತವರು ಇವರೇ.

ಐಟಿ ಕಂಪನಿಯಲ್ಲಿ ಮೂರು ವರ್ಷ ಇದ್ದೆ. ‘ಯಾಕೆ ಬಿಟ್ಟಿರಿ?’ ಅಂತ ಎಲ್ಲ ಕಡೆ ಕೇಳುತ್ತಾರೆ.

ಕೇಳುತ್ತಾರೆ, ಮುಂದೆಯೂ ಕೇಳುತ್ತಾರೆ. ಅವರ ಅನುಮಾನ ಒಂದೇ: ಸಂಬಳ ಕಡಿಮೆಯಾಯಿತೆಂದು ಆರು ತಿಂಗಳಲ್ಲಿ ವಾಪಸ್ ಹೋಗುತ್ತೀರಾ ಎಂದು. ‘ಸಮಾಜಕ್ಕೆ ಏನಾದರೂ ಕೊಡಬೇಕು ಅನ್ನಿಸಿತು’ ಎಂಬ ಉತ್ತರ ದಿನಕ್ಕೆ ಹತ್ತು ಸಲ ಕೇಳಿ ಅವರಿಗೆ ಸಾಕಾಗಿದೆ. ಯಾವ ಸಮಸ್ಯೆ, ಅದರ ಮೇಲೆ ನೀವು ಈಗಾಗಲೇ ಏನು ಮಾಡಿದ್ದೀರಿ, ಹೊಸ ಸಂಬಳಕ್ಕೆ ಮನೆ ಲೆಕ್ಕ ಹೇಗೆ ಹೊಂದಿಸಿದ್ದೀರಿ, ಈ ಮೂರನ್ನು ಒಂದೂವರೆ ನಿಮಿಷದಲ್ಲಿ ಹೇಳಿ. ಎಜುಕೇಷನ್ ಲೋನ್ ಇದ್ದರೆ ಕಂತು ಎಷ್ಟೆಂದು ಮೊದಲೇ ಲೆಕ್ಕ ಹಾಕಿಟ್ಟುಕೊಂಡು ಸಂಬಳದ ಮಾತಿಗೆ ಕೂರಿ.

ಯುಪಿಎಸ್‌ಸಿಗೆ ಮೂರು ವರ್ಷ ಹೋಯಿತು. ಆ ಗ್ಯಾಪ್ ಏನು ಮಾಡುವುದು?

ಮುಚ್ಚಬೇಡಿ. ‘ಸ್ವತಂತ್ರ ಸಂಶೋಧನೆ’ ಎಂದು ಬಣ್ಣ ಹಚ್ಚಬೇಡಿ; ಪಾಲಿಸಿ ಕ್ಷೇತ್ರದಲ್ಲಿರುವ ಎಷ್ಟೋ ಜನ ಅದೇ ದಾರಿಯಲ್ಲಿ ಬಂದವರು, ಒಂದೇ ನೋಟಕ್ಕೆ ಹಿಡಿಯುತ್ತಾರೆ. ಒಂದು ಸಾಲು ಸಾಕು: ‘2020–23: ನಾಗರಿಕ ಸೇವಾ ಪರೀಕ್ಷೆಗೆ ತಯಾರಿ, ಐಚ್ಛಿಕ ವಿಷಯ ಸಮಾಜಶಾಸ್ತ್ರ, 2022ರಲ್ಲಿ ಮುಖ್ಯ ಪರೀಕ್ಷೆ ಬರೆದದ್ದು.’ ಮುಖ್ಯ ಪರೀಕ್ಷೆವರೆಗೆ ಹೋಗಿದ್ದರೆ ಬರೆಯಿರಿ, ಪ್ರಿಲಿಮ್ಸ್ ಮಾತ್ರವಾದರೆ ಹಂತ ಬರೆಯುವ ಅಗತ್ಯವಿಲ್ಲ.

ಅವರು ಕೇಳುವ ನಿಜವಾದ ಪ್ರಶ್ನೆ ಬೇರೆ: ‘ಮುಂದಿನ ವರ್ಷ ಮತ್ತೆ ಬರೆಯುತ್ತೀರಾ?’ ಬರೆಯುವುದಿದ್ದರೆ ಹೌದೆನ್ನಿ, ಎಷ್ಟು ದಿನ ರಜೆ ಬೇಕಾಗುತ್ತದೆ ಎಂದೂ ಹೇಳಿ. ಸೇರಿದ ಮೇಲೆ ಗೊತ್ತಾದರೆ ಕೆಲಸಕ್ಕಿಂತ ಹೆಚ್ಚಾಗಿ ಹೆಸರು ಕೆಡುತ್ತದೆ.

ಎಂಪಿಪಿ ಇದ್ದರೆ ಕೆಎಎಸ್, ಪಿಡಿಒ, ಉಪನ್ಯಾಸಕ ಹುದ್ದೆಗೆ ಏನಾದರೂ ಲಾಭ ಉಂಟಾ?

ಕೆಎಎಸ್, ಪಿಡಿಒ ಎರಡಕ್ಕೂ ಯಾವುದೇ ಪದವಿ ಸಾಕು, ಎಂಪಿಪಿಗೆ ಪ್ರತ್ಯೇಕ ಅಂಕವಿಲ್ಲ. ಉಪನ್ಯಾಸಕ ಹುದ್ದೆಯ ವಿಷಯದಲ್ಲಿ ಎಚ್ಚರ: ಅಧಿಸೂಚನೆಯಲ್ಲಿ ಬರೆದ ವಿಷಯದ ಹೆಸರಿಗೂ ನಿಮ್ಮ ಪದವಿ ಪ್ರಮಾಣಪತ್ರದ ಹೆಸರಿಗೂ ತಾಳೆಯಾಗದಿದ್ದರೆ ದಾಖಲೆ ಪರಿಶೀಲನೆಯ ದಿನ ಕೊಕ್ಕೆ ಬೀಳುತ್ತದೆ. ಕಾಲೇಜಿನಲ್ಲಿ ಪಾಠ ಹೇಳುವುದೇ ಗುರಿಯಾಗಿದ್ದರೆ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಅಥವಾ ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಮಾಡುವುದೇ ನೇರ ದಾರಿ.

ರೆಸ್ಯೂಮ್ ಎಷ್ಟು ಪುಟ? ಯಾವುದು ಮೊದಲು?

ಐದು ವರ್ಷಕ್ಕಿಂತ ಕಡಿಮೆ ಅನುಭವವಿದ್ದರೆ ಒಂದು ಪುಟ, ಹೆಚ್ಚಿದ್ದರೆ ಎರಡು. ಫೋಟೊ, ತಂದೆಯ ಹೆಸರು, ಜಾತಿ, ಧರ್ಮ, ‘ಮೇಲಿನ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಕೊನೆಯ ಸಾಲು ಖಾಸಗಿ ಸಂಸ್ಥೆಗಳಿಗೆ ಬೇಡ. ಸರ್ಕಾರಿ ಹೊರಗುತ್ತಿಗೆ ಅರ್ಜಿಯಲ್ಲಿ ಅವರ ನಮೂನೆ ಕೇಳಿದರೆ ಮಾತ್ರ ಕೊಡಿ.

ಓದು ಮುಗಿಸಿ ಈಗಷ್ಟೇ ಬಂದವರು ಶಿಕ್ಷಣವನ್ನು ಮೇಲೆ ಹಾಕಿ. ಕೆಲಸ ಮಾಡಿ ಎಂಪಿಪಿಗೆ ಹೋದವರು ಅನುಭವವನ್ನೇ ಮೇಲೆ ಹಾಕಿ. ಎಂಪಿಪಿಯಲ್ಲಿ ಓದಿದ ಪೇಪರುಗಳ ಪಟ್ಟಿ ಕೊಡುವುದರಿಂದ ಉಪಯೋಗವಿಲ್ಲ, ಪ್ರಬಂಧದ ವಿಷಯವನ್ನು ಮಾತ್ರ ಒಂದು ಸಾಲಿನಲ್ಲಿ ಹೇಳಿ: ಎಲ್ಲಿ, ಎಷ್ಟು ಜನರನ್ನು ಮಾತಾಡಿಸಿ, ಏನು ಕಂಡಿರಿ.

‘ಭಾಗವಹಿಸಿದೆ’, ‘ಸಹಕರಿಸಿದೆ’ ಎಂಬ ಕ್ರಿಯಾಪದಗಳನ್ನು ಹುಡುಕಿ ಹುಡುಕಿ ತೆಗೆಯಿರಿ. ‘ಸಾಮಾಜಿಕ ಪರಿಶೋಧನೆಯಲ್ಲಿ (ಸೋಷಿಯಲ್ ಆಡಿಟ್) ಭಾಗವಹಿಸಿದೆ’ ಎಂದರೆ ಕುರ್ಚಿಯ ಮೇಲೆ ಕೂತಿದ್ದಿರೋ ಏನೋ. ‘ಅರಸೀಕೆರೆ ತಾಲ್ಲೂಕಿನ 2 ಗ್ರಾಮ ಪಂಚಾಯಿತಿಗಳಲ್ಲಿ 40 ಕಾಮಗಾರಿಗಳ ಕಡತವನ್ನು ಸ್ಥಳದೊಂದಿಗೆ ತಾಳೆ ನೋಡಿ ವ್ಯತ್ಯಾಸದ ಪಟ್ಟಿ ತಯಾರಿಸಿದೆ’ ಎಂದರೆ ಚಿತ್ರ ಕಣ್ಣಿಗೆ ಬರುತ್ತದೆ.

ಎಕ್ಸೆಲ್ ಸಾಕಾ? ಸ್ಟೇಟಾ, ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶಗಳನ್ನು ಕಲಿಯಬೇಕಾ?

ಜಿಲ್ಲೆಯ ಕೆಲಸಗಳಿಗೆ ಎಕ್ಸೆಲ್ ಸಾಕು, ಆದರೆ ಪಿವೋಟ್ ಟೇಬಲ್ ಮತ್ತು ಎರಡು ಪಟ್ಟಿಗಳನ್ನು ಎರಡರಲ್ಲೂ ಇರುವ ಕೋಡ್ ಸಂಖ್ಯೆಯ ಮೂಲಕ ಜೋಡಿಸುವುದು ನಿದ್ದೆಯಲ್ಲೂ ಬರಬೇಕು. ಸಂಶೋಧನಾ ಸಂಸ್ಥೆಗಳಿಗೆ, ಉದಾಹರಣೆಗೆ 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಕಟ್ಟಿದ ಐಸೆಕ್‌ನಂಥ ಕಡೆಗೆ, ಆರ್ ಅಥವಾ ಸ್ಟೇಟಾ ಬೇಕಾಗುತ್ತದೆ.

ಸಾಫ್ಟ್‌ವೇರಿಗಿಂತ ಹೆಚ್ಚಾಗಿ ಜನ ಸೋಲುವುದು ಲೆಕ್ಕದ ತಿಳಿವಳಿಕೆಯಲ್ಲಿ. ಕೆಲಸಕ್ಕೆ ಆಯ್ಕೆ ಮಾಡುವ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳಿವು.

ಶೇ. 20ರಿಂದ ಶೇ. 25ಕ್ಕೆ ಏರಿದರೆ ಅದು 5 ಶೇಕಡಾ ಅಂಶಗಳ ಏರಿಕೆ. ಶೇಕಡಾವಾರು ಹೇಳುವುದಾದರೆ ಶೇ. 25ರ ಏರಿಕೆ. ‘ಶೇ. 5 ಏರಿಕೆ’ ಎಂದು ಬರೆದವರ ಅರ್ಜಿ ಅಲ್ಲೇ ಪಕ್ಕಕ್ಕೆ ಹೋಗುತ್ತದೆ.

ಸರಾಸರಿಯ ಸರಾಸರಿ ತೆಗೆಯುವುದು ಇನ್ನೊಂದು. ಒಂದು ತಾಲ್ಲೂಕಿನಲ್ಲಿ 100 ಮಕ್ಕಳಲ್ಲಿ 40 ಮಂದಿ ತೂಕ ಕಡಿಮೆ, ಇನ್ನೊಂದರಲ್ಲಿ 1,000ದಲ್ಲಿ 100 ಮಂದಿ ಎಂದಿಟ್ಟುಕೊಳ್ಳಿ. ಶೇ. 40 ಮತ್ತು ಶೇ. 10ರ ನಡುವಿನ 25 ಉತ್ತರವಲ್ಲ. 1,100ರಲ್ಲಿ 140, ಅಂದರೆ ಸುಮಾರು ಶೇ. 12.7.

ಚಿಕ್ಕಮಗಳೂರಿನವರಿಗೇ ವಿಶೇಷವಾದ ಗುಂಡಿಯೊಂದಿದೆ. 2011ರ ಜನಗಣತಿಯಲ್ಲಿ ಜಿಲ್ಲೆಗೆ ಏಳು ತಾಲ್ಲೂಕು, ಜನಸಂಖ್ಯೆ ಸುಮಾರು 11.38 ಲಕ್ಷ. ಆಮೇಲೆ ಅಜ್ಜಂಪುರ, ಕಳಸ ಹೊಸ ತಾಲ್ಲೂಕುಗಳಾದವು. ಹೊಸ ಪಟ್ಟಿಯಲ್ಲಿ ಮೂಡಿಗೆರೆಯ ಶಾಲೆಗಳು ದಿಢೀರನೆ ಕಡಿಮೆಯಾದಂತೆ ಕಂಡರೆ ಶಾಲೆ ಮುಚ್ಚಿಲ್ಲ, ಕಳಸದ ಲೆಕ್ಕಕ್ಕೆ ಹೋಗಿವೆ. ವರ್ಷವಾರು ಹೋಲಿಸುವ ಮುಂಚೆ ಹೊಸ ತಾಲ್ಲೂಕನ್ನು ಹಳೆಯದಕ್ಕೆ ಕೂಡಿಸಿಕೊಳ್ಳಿ. ಹಾಸನ ಎಂಟು ತಾಲ್ಲೂಕುಗಳಲ್ಲೇ ನಿಂತಿರುವುದರಿಂದ ಅಲ್ಲಿಯವರಿಗೆ ಈ ತಲೆನೋವಿಲ್ಲ.

ಇನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 2019–21ರ ಐದನೇ ಸುತ್ತಿನ ಜಿಲ್ಲಾ ಪಟ್ಟಿಯಲ್ಲಿ ಕೆಲವು ಅಂಕಿಗಳು ಆವರಣದೊಳಗಿರುತ್ತವೆ, ಕೆಲವು ಕಡೆ ಬರೀ ನಕ್ಷತ್ರ. ಆವರಣವೆಂದರೆ 25ರಿಂದ 49 ಜನರ ಮಾಹಿತಿಯಿಂದ ಬಂದದ್ದು, ನಕ್ಷತ್ರವೆಂದರೆ 25ಕ್ಕಿಂತ ಕಡಿಮೆ. ಆವರಣದ ಅಂಕಿ ಹಿಡಿದು ‘ಹಾಸನದಲ್ಲಿ ಆತಂಕಕಾರಿ’ ಎಂದು ತಲೆಬರಹ ಕೊಡಬೇಡಿ. ಈ ಸಮೀಕ್ಷೆಯಲ್ಲಿ ತಾಲ್ಲೂಕುವಾರು ಅಂಕಿಗಳೂ ಇಲ್ಲ. ಯಾರಾದರೂ ಬೇಲೂರು ತಾಲ್ಲೂಕಿನ ಅಂಕಿ ಅದರಿಂದ ತೆಗೆದೆ ಎಂದರೆ ಏನೋ ಎಡವಟ್ಟಾಗಿದೆ. ತಾಲ್ಲೂಕಿನ ಮಟ್ಟಕ್ಕೆ ಜಿಲ್ಲಾ ಸಂಖ್ಯಾಸಂಗ್ರಹಣಾಧಿಕಾರಿಗಳ ಕಚೇರಿಯ ‘ಜಿಲ್ಲಾ ಅಂಕಿ ಅಂಶಗಳ ನೋಟ’ ಮೊದಲು ತೆರೆಯಿರಿ.

ಬರವಣಿಗೆಯ ಮಾದರಿ ಕೇಳುತ್ತಾರೆ. ಏನು ಕೊಡಬೇಕು?

ಎಂಪಿಪಿಯ 80 ಪುಟದ ಪ್ರಬಂಧ ಬೇಡ, ಯಾರೂ ಓದುವುದಿಲ್ಲ. ಎರಡು ಪುಟದ ಪಾಲಿಸಿ ಟಿಪ್ಪಣಿಯೊಂದನ್ನು ನಿಮ್ಮ ಜಿಲ್ಲೆಯ ವಿಷಯದ ಮೇಲೆ ಬರೆದಿಟ್ಟುಕೊಳ್ಳಿ. ಮೊದಲ ಸಾಲಿನಲ್ಲಿ ಯಾರಿಗೆ ಬರೆದದ್ದು, ಯಾವ ನಿರ್ಧಾರಕ್ಕಾಗಿ ಎಂಬುದು ಬರಬೇಕು. ಆಮೇಲೆ ಸಮಸ್ಯೆ ಐದಾರು ಸಾಲಿನಲ್ಲಿ, ಎರಡು ಅಥವಾ ಮೂರು ದಾರಿಗಳು, ಪ್ರತಿಯೊಂದಕ್ಕೂ ಖರ್ಚು, ಯಾರು ವಿರೋಧಿಸಬಹುದು, ನಿಮ್ಮ ಆಯ್ಕೆ, ಮೊದಲ ಮೂರು ತಿಂಗಳಲ್ಲಿ ಏನಾಗಬೇಕು.

ಹಾಳಾಗುವುದು ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ. ‘ಕಾಫಿ ಬೆಲೆ ಸ್ಥಿರವಾಗಿಡಲು ಜಿಲ್ಲಾಧಿಕಾರಿಗಳು ಕ್ರಮ ಕೈಗೊಳ್ಳಬೇಕು’ ಎಂಬ ಟಿಪ್ಪಣಿ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗಿದೆ. 1996ರ ಹೊತ್ತಿಗೆ, ಬೆಳೆದ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಪೂಲ್ ಪದ್ಧತಿ ಪೂರ್ತಿ ಹೋಗಿ ಬೆಳೆಗಾರರೇ ಮುಕ್ತವಾಗಿ ಮಾರುವಂತಾಯಿತು, ಈಗ ಅರೇಬಿಕಾ ನ್ಯೂಯಾರ್ಕ್ ಮಾರುಕಟ್ಟೆಯನ್ನೂ ರೊಬಸ್ಟಾ ಲಂಡನ್ ಮಾರುಕಟ್ಟೆಯನ್ನೂ ನೋಡುತ್ತದೆ. ಚಿಕ್ಕಮಗಳೂರಿನ ಡಿಸಿಗೆ ಇದರಲ್ಲಿ ಏನೂ ಮಾಡಲಾಗದು. ಅದೇ ಕೊಯ್ಲಿನ ಕಾಲದಲ್ಲಿ ವಲಸೆ ಕಾರ್ಮಿಕರ ಮಕ್ಕಳಿಗೆ ಅಂಗನವಾಡಿ, ಶಾಲೆ ಸಿಗುವ ಹಾಗೆ ಮಾಡುವುದು ಎಂದಿದ್ದರೆ ವಿಳಾಸ ಜಿಲ್ಲೆಯೊಳಗೇ ಇದೆ.

ವಿಷಯಕ್ಕೆ ದಾಖಲೆ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಅರ್ಜಿಯ ಕೋರಿಕೆ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಮೂರು ಇಲಾಖೆಯ ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ ತುಂಬಿದರೆ ವಾಪಸ್ ಬರುತ್ತದೆ. ಟಿಪ್ಪಣಿ ಬೇಕಾದ ದಿನಕ್ಕಿಂತ ಎರಡು ತಿಂಗಳು ಮುಂಚೆಯೇ ಹಾಕಿಡಿ.

ಊರಿನಲ್ಲೇ ಇದ್ದು ಮಾಡುವ ಕೆಲಸ ಸಿಗುತ್ತದಾ?

ಸಿಗುತ್ತದೆ, ಆದರೆ ಹುದ್ದೆಯ ಹೆಸರಿನಲ್ಲಿ ‘ಪಾಲಿಸಿ’ ಎಂಬ ಪದ ಇರುವುದಿಲ್ಲ. ಸ್ವಸಹಾಯ ಸಂಘಗಳ ಸರ್ಕಾರಿ ಯೋಜನೆಯಾದ ಸಂಜೀವಿನಿಯ ಜಿಲ್ಲಾ, ತಾಲ್ಲೂಕು ಘಟಕ, ಸಾಮಾಜಿಕ ಪರಿಶೋಧನೆ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಕಾರ್ಯಕ್ರಮ ಘಟಕ, ರೈತ ಉತ್ಪಾದಕ ಕಂಪನಿಗಳು, ಪಶ್ಚಿಮಘಟ್ಟದಲ್ಲಿ ಕೆಲಸ ಮಾಡುವ ಪರಿಸರ ಸಂಸ್ಥೆಗಳ ಕ್ಷೇತ್ರ ಕಚೇರಿ, ಹೀಗೆ. ಹೆಚ್ಚಿನವು ಕಾಂಟ್ರಾಕ್ಟ್ ಅಥವಾ ಹೊರಗುತ್ತಿಗೆ. ಸೇರುವ ಮುಂಚೆ ಕೇಳಬೇಕಾದ್ದು: ಹೇಳಿದ ಮೊತ್ತದಲ್ಲಿ ಪಿಎಫ್‌ನ ನಿಮ್ಮ ಪಾಲು, ಸಂಸ್ಥೆಯ ಪಾಲು ಎರಡೂ ಸೇರಿದೆಯಾ, ಬೈಕಿನ ಪೆಟ್ರೋಲಿಗೆ ಬೇರೆ ಕೊಡುತ್ತಾರಾ, ಏಜೆನ್ಸಿ ಬದಲಾದರೆ ಹಳೆಯ ಸೇವೆ ಏನಾಗುತ್ತದೆ. ಮೂರನೆಯದನ್ನು ಕೇಳುವವರು ಕಡಿಮೆ, ಪೆಟ್ಟು ಬೀಳುವುದು ಅಲ್ಲೇ.

ನಮ್ಮದು ಬೆಳೆಗಾರರ ಸಣ್ಣ ಸಂಘ. ಇಂಥವರನ್ನು ಇಟ್ಟುಕೊಂಡು ಏನು ಮಾಡಿಸುವುದು?

ಮನವಿ ಪತ್ರ ಬರೆಸುವುದಕ್ಕೆ ಮಾತ್ರವಾದರೆ ಬೇಡ, ಅದಕ್ಕೆ ಇಷ್ಟು ಓದಿದವರು ಬೇಕಿಲ್ಲ. ಸದಸ್ಯರ ತೋಟಗಳಿಂದ ಮಳೆ, ಇಳುವರಿ, ಕೂಲಿ, ಹಾನಿಯ ಲೆಕ್ಕವನ್ನು ವರ್ಷವಿಡೀ ಒಂದೇ ನಮೂನೆಯಲ್ಲಿ ಸಂಗ್ರಹಿಸಿಡುವುದಕ್ಕೆ ಇಟ್ಟುಕೊಳ್ಳಿ. ಸಚಿವರು ಬಂದಾಗ ‘ತುಂಬಾ ನಷ್ಟವಾಗಿದೆ ಸ್ವಾಮಿ’ ಎನ್ನುವ ಸಂಘಕ್ಕೂ, 60 ತೋಟಗಳ ಮೂರು ವರ್ಷದ ಪಟ್ಟಿ ಮುಂದಿಡುವ ಸಂಘಕ್ಕೂ ಸಿಗುವ ಉತ್ತರ ಬೇರೆಯಾಗಿರುತ್ತದೆ. ಆಯ್ಕೆಗೆ ಸಂದರ್ಶನಕ್ಕಿಂತ ಕೆಲಸ ಕೊಟ್ಟು ನೋಡುವುದು ವಾಸಿ: ನಿಮ್ಮ ಹಳೆಯ ಕಡತವೊಂದನ್ನು ಕೊಟ್ಟು, ಎರಡು ಗಂಟೆಯಲ್ಲಿ ಒಂದು ಪುಟದ ಕನ್ನಡ ಸಾರಾಂಶ ಕೇಳಿ. ಹೊರಗಿನವರಾದರೆ ಆ ದಿನದ ಬಸ್ ಚಾರ್ಜು ಕೊಡಿ.

ರೆಫರೆನ್ಸ್ ಯಾರದ್ದು ಕೊಡಬೇಕು?

ಒಬ್ಬರು ಕಾಲೇಜಿನವರು, ಒಬ್ಬರು ನಿಮ್ಮಿಂದ ಕೆಲಸ ಮಾಡಿಸಿದವರು. ಶಾಸಕರ, ಊರಿನ ಹಿರಿಯರ ಶಿಫಾರಸು ಪತ್ರ ಈ ಕ್ಷೇತ್ರದಲ್ಲಿ ಒಳಿತಿಗಿಂತ ಕೆಡುಕು ಮಾಡುವುದೇ ಹೆಚ್ಚು. ಹೆಸರು ಕೊಡುವ ಮುಂಚೆ ಕೇಳಿ, ಕೊಟ್ಟ ಮೇಲೆ ನಿಮ್ಮ ರೆಸ್ಯೂಮ್ ಮತ್ತು ಕೆಲಸದ ಪ್ರಕಟಣೆ ಎರಡನ್ನೂ ಅವರಿಗೆ ಕಳಿಸಿ.

ಸಂದರ್ಶನ ಆನ್‌ಲೈನ್ ಅಂತೆ. ನಮ್ಮ ಮನೆ ಕೊಪ್ಪದಿಂದ ಒಳಗೆ, ಏನು ಮಾಡಲಿ?

ಜೂನ್‌ನಿಂದ ಆಗಸ್ಟ್‌ವರೆಗೆ ಮನೆಯಿಂದ ಪ್ರಯತ್ನ ಬೇಡ. ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಹಿಂದಿನ ದಿನವೇ ತಾಲ್ಲೂಕು ಕೇಂದ್ರಕ್ಕೋ ಚಿಕ್ಕಮಗಳೂರಿಗೋ ಬಂದು ಪರಿಚಯದವರ ಮನೆಯಲ್ಲಿ ಇಲ್ಲವೇ ಯುಪಿಎಸ್ ಇರುವ ಲಾಡ್ಜಿನಲ್ಲಿ ಉಳಿಯಿರಿ. ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಡಿ, ಸಂದರ್ಶಕರ ಕಚೇರಿಯ ಫೋನ್ ನಂಬರನ್ನು ಕಾಗದದ ಮೇಲೆ ಬರೆದಿಡಿ. ಶೀಟಿನ ಮಾಡಿನ ಕೋಣೆ ಬೇಡ. ಮಳೆ ಹೊಯ್ಯಲು ಶುರುವಾದರೆ ನೀವು ಹೇಳಿದ ಒಂದು ಮಾತೂ ಆ ಕಡೆಗೆ ಕೇಳಿಸುವುದಿಲ್ಲ.